ಛತ್ರದೊಳಗೆ ಒಂದು ಪೆಟ್ಟು

ತಮಟೆಯ ಚರ್ಮ ಬಿಗಿಯುವ ಬಳೆಯ ಮೇಲೆ ಜವರಯ್ಯ ತಮ್ಮ ಹೆಸರು ಬರೆಸಿದ್ದಕ್ಕೆ ಕಾರಣ ಸರಳ. ಸಾವಿನ ಮನೆಯ ಮುಂದೆ ಎಂಟು ಹತ್ತು ತಮಟೆಗಳನ್ನು ಒಂದೇ ಬೆಂಕಿಗೆ ಒಡ್ಡಿ ಕಾಯಿಸುತ್ತಾರೆ. ಎತ್ತಿಕೊಳ್ಳುವಾಗ ಯಾರದು ಯಾವುದೆಂದು ಜಗಳವಾಗುತ್ತದೆ. ಅದಕ್ಕೇ ತಿ. ನರಸೀಪುರದ ಬಸ್ ನಿಲ್ದಾಣದ ಬಳಿ ಬೋರ್ಡ್ ಬರೆಯುವವನನ್ನು ಹಿಡಿದು, ಬಿಳಿ ಆಯಿಲ್ ಪೇಂಟಿನಲ್ಲಿ ನಾಲ್ಕು ಅಕ್ಷರ ಬರೆಸಿಕೊಂಡರು. ಆ ನಾಲ್ಕು ಅಕ್ಷರ ಈಗ ಮೈಸೂರಿನ ಹುಡುಗರ ಕಪ್ಪು ಟೀ ಶರ್ಟುಗಳ ಎದೆಯ ಮೇಲಿದೆ. ತೊಟ್ಟವರಲ್ಲಿ ಹೆಚ್ಚಿನವರಿಗೆ ಆ ಹೆಸರಿನ ಮನುಷ್ಯನೊಬ್ಬ ಇದ್ದಾನೆಂಬುದೇ ಗೊತ್ತಿಲ್ಲ.

ಜವರಯ್ಯನವರಿಗೆ ಐವತ್ತೆಂಟು. ಅಪ್ಪ ಮಂಟೇಸ್ವಾಮಿಯಿಂದ ಕಲಿತು, ಹನ್ನೊಂದನೆಯ ವಯಸ್ಸಿನಿಂದ ಬಾರಿಸುತ್ತಿದ್ದಾರೆ. ಸಾವು, ಮಾರಿಹಬ್ಬ, ಚುನಾವಣೆ ಗೆದ್ದವರ ಮೆರವಣಿಗೆ; ಅವರ ಕಸುಬಿಗೆ ಇಷ್ಟೇ ಬಾಗಿಲುಗಳು. ನಾಲ್ಕನೆಯ ಬಾಗಿಲು ತೆರೆದದ್ದು ೨೦೧೬ರಲ್ಲಿ.

ನಂಜನಗೂಡಿನ ರೈಸ್ ಮಿಲ್ ಮನೆತನದ ಮದನ್ ಆಗ ಕಾಲೇಜು ಮುಗಿಸಿದ್ದ. ಮಿಲ್ಲಿನ ಗೋದಾಮಿನಲ್ಲಿ ಮೂವರು ಗೆಳೆಯರೊಂದಿಗೆ ಗಿಟಾರು, ಡ್ರಮ್ಮು ಇಟ್ಟುಕೊಂಡು ರಾಕ್ ನುಡಿಸುತ್ತಿದ್ದ. ಒಂದು ದಿನ ನರಸೀಪುರದಲ್ಲಿ ಶವಯಾತ್ರೆಯೊಂದು ಎದುರಾಯಿತು. ಮದನ್ ಬೈಕ್ ಪಕ್ಕಕ್ಕೆ ಹಾಕಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತ ಹೊಳೆಯ ದಂಡೆಯವರೆಗೂ ತಮಟೆಯವರ ಹಿಂದೆ ನಡೆದ. ಕೊನೆಗೆ ಜವರಯ್ಯನವರ ಬಳಿ ಬಂದು, ನಂಜನಗೂಡಿಗೆ ಬರಬೇಕು ಎಂದ.

"ಬತ್ತೀನಿ ಸಾ," ಎಂದರು ಜವರಯ್ಯ, ಬೆವರು ಒರೆಸಿಕೊಳ್ಳುತ್ತ. "ಯಾರ್ ತೀರೋಗವ್ರೆ?"

ತಂಡಕ್ಕೆ ಆಗ ಹೆಸರಿರಲಿಲ್ಲ. ಮೊದಲ ಕಾರ್ಯಕ್ರಮ ನರಸೀಪುರದ ಕಾಲೇಜು ಮೈದಾನದಲ್ಲಿ ನಡೆಯಿತು. ನಿರೂಪಕ ಮೈಕಿನಲ್ಲೇ ಹೆಸರು ಕೇಳಿದಾಗ ಹುಡುಗರು ಮುಖ ಮುಖ ನೋಡಿಕೊಂಡರು. ಅವನ ಕಣ್ಣಿಗೆ ಬಿದ್ದದ್ದು ತಮಟೆಯ ಮೇಲಿನ ಬಿಳಿ ಅಕ್ಷರ. "ಈಗ ನಿಮ್ಮ ಮುಂದೆ, ಜವರಯ್ಯ!" ಎಂದು ಕೂಗಿದ. ಮೈದಾನ ಶಿಳ್ಳೆ ಹೊಡೆಯಿತು. ಹೆಸರು ಹಾಗೇ ಉಳಿಯಿತು.

ಮುಂದಿನ ನಾಲ್ಕೂವರೆ ವರ್ಷ ಆ ತಂಡದ ಸದ್ದೆಂದರೆ ತಮಟೆಯ ಸದ್ದು. ಗಿಟಾರುಗಳು ಕಿರುಚಿ ಸುಮ್ಮನಾದ ಕಡೆ ಜವರಯ್ಯ ಒಬ್ಬರೇ ಬಾರಿಸುತ್ತಿದ್ದರು. ಜನ ಕಾಯುತ್ತಿದ್ದುದು ಅದಕ್ಕೆ. ಪ್ರತಿ ವೇದಿಕೆಯ ಹಿಂದೆಯೂ ಅವರು ತೆಂಗಿನ ಗರಿ ಉರಿಸಿ ಚರ್ಮ ಕಾಯಿಸುತ್ತಿದ್ದರು. ಮದನ್ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಗರಿ ಒಡ್ಡುತ್ತಿದ್ದ. ದೊಡ್ಡ ಮನೆಯವರನ್ನು ಕರೆಯುವಂತೆ ತನ್ನನ್ನು ಬುದ್ದಿ ಎಂದು ಕರೆಯಬಾರದೆಂದು ಅವನೇ ಹೇಳಿದ್ದ. ಅವರು ಮದನಪ್ಪ ಎನ್ನುತ್ತಿದ್ದರು, ಅವನು ಜವರಣ್ಣ ಎನ್ನುತ್ತಿದ್ದ.

೨೦೨೧ರ ಫೆಬ್ರವರಿಯಲ್ಲಿ ಮದನ್‌ನ ತಂಗಿ ಬಿಂದುಶ್ರೀಯ ಮದುವೆ ನಂಜನಗೂಡಿನ ಛತ್ರವೊಂದರಲ್ಲಿ ನಡೆಯಿತು. ರಿಸೆಪ್ಷನ್‌ಗೆ ಅಣ್ಣನದೇ ಬ್ಯಾಂಡು. ಜವರಯ್ಯ ಮಗಳು ಆಶಾರಾಣಿ ಹೊಲಿಸಿಕೊಟ್ಟ ಹೊಸ ಜುಬ್ಬ ಹಾಕಿಕೊಂಡು ಹೋಗಿದ್ದರು. ಮದನ್‌ನ ಅಜ್ಜಿ ಚನ್ನಾಜಮ್ಮ ಬಾಗಿಲಲ್ಲೇ ತಮಟೆ ನೋಡಿದರು. ಅವರೇನೂ ಗದರಲಿಲ್ಲ.

"ಸುಬಕಾರ್ಯದಲ್ಲಿ ಅದು ಒಳಿಕ್ಯಾಕಪ್ಪ ಮದನ? ಗಂಡಿನ ಕಡೆಯೋರು ಬರುವಾಗ ಬಾಗ್ಲಲ್ಲಿ ಚೆನ್ನಾಗಿ ಬಾರಿಸ್ಲಿ. ಊಟ ಮಾಡ್ಕೊಂಡೇ ಓಗ್ಲಿ ಪಾಪ."

"ಇವತ್ತೊಂದಿನ ಜವರಣ್ಣ," ಎಂದ ಮದನ್.

ಜವರಯ್ಯ ಬಾಗಿಲಲ್ಲಿ ಬಾರಿಸಿದರು. ಆಮೇಲೆ ಕಾಂಪೌಂಡಿನ ಗೋಡೆಗೆ ಒರಗಿ ಕೂತು ಒಳಗಿನ ಹಾಡು ಕೇಳಿಸಿಕೊಂಡರು. ತಮಟೆ ಬರಬೇಕಾದ ಜಾಗಗಳೆಲ್ಲ ಅವರಿಗೆ ಗೊತ್ತಿದ್ದವು. ಮೊದಲ ಹಾಡಿನಲ್ಲಿ ಆ ಜಾಗ ಖಾಲಿಯಾಗಿತ್ತು. ಎರಡನೆಯದರಲ್ಲಿ ಕೀಬೋರ್ಡು ತುಂಬಿತು. ನಾಲ್ಕನೆಯದಕ್ಕೆ ಖಾಲಿ ಜಾಗವೇ ಇರಲಿಲ್ಲ, ಮತ್ತು ಚಪ್ಪಾಳೆ ಎಂದಿಗಿಂತ ಜೋರಾಗಿತ್ತು.

ಅದೇ ವಾರ ಎರಡು ಬುಕಿಂಗ್ ಬಂದವು. ಎರಡೂ ಮದುವೆಗಳು, ಇಬ್ಬರೂ ಕೇಳಿದ್ದು ಬಿಂದುಶ್ರೀ ಮದುವೆಯಲ್ಲಿ ನುಡಿಸಿದ ಹಾಗೇ ಇರಬೇಕು ಎಂದು. ತಂಡ ಮೆಲ್ಲಗೆ ಮೆದುವಾಯಿತು. ಡ್ರಮ್ಮಿನವನು ಕಡ್ಡಿ ಬಿಟ್ಟು, ಮೆತ್ತಗೆ ಸವರಿ ನುಡಿಸುವ ಬ್ರಷ್ ಹಿಡಿದ. ಜವರಯ್ಯನವರನ್ನು ಮೊದಮೊದಲು ಮೂರು ಕಾರ್ಯಕ್ರಮಕ್ಕೊಮ್ಮೆ ಕರೆದರು, ಆಮೇಲೆ ಕರೆಯಲೇ ಇಲ್ಲ. ನೀವು ಬೇಡ ಎಂದು ಯಾರೂ ಹೇಳಲೂ ಇಲ್ಲ.

ಮದನ್ ಮತ್ತೆ ನರಸೀಪುರಕ್ಕೆ ಬಂದದ್ದು ಕಳೆದ ಡಿಸೆಂಬರಿನಲ್ಲಿ, ತಂಡದ ಮ್ಯಾನೇಜರ್ ರಘುವಿನ ಜೊತೆ. ಕೈಯಲ್ಲಿ ಹಣ್ಣಿನ ಕವರು, ರಘುವಿನ ಕೈಯಲ್ಲಿ ಒಂದು ಕಾಗದ. ತಾಲ್ಲೂಕು ಕಚೇರಿಯಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ಕೆಲಸ ಮಾಡುವ ಆಶಾರಾಣಿ ಅದನ್ನು ಎರಡು ಸಲ ಓದಿದಳು. ತಂಡದ ಹೆಸರನ್ನು ನೋಂದಾಯಿಸುತ್ತಿದ್ದಾರೆ; ಅದು ಬದುಕಿರುವ ವ್ಯಕ್ತಿಯ ಹೆಸರಾದ್ದರಿಂದ ಆ ವ್ಯಕ್ತಿಯ ಒಪ್ಪಿಗೆ ಬೇಕು. ಇನ್ನು ಮುಂದೆ ಸಂಗೀತದ ವ್ಯವಹಾರದಲ್ಲಿ ಆ ಹೆಸರು ತಂಡದ್ದು.

"ಅಂದ್ರೆ ನಮ್ಮಪ್ಪ ಬೋರ್ಡ್ ಆಕಂಗಿಲ್ವಾ?" ಎಂದು ಆಶಾರಾಣಿ ಬಾಗಿಲ ಮೇಲಿನ ತಗಡು ತೋರಿಸಿದಳು. ಅದರ ಮೇಲೆ 'ಜವರಯ್ಯ ತಮಟೆ ತಂಡ' ಎಂದಿತ್ತು.

"ಛೇ, ಅದ್ಯಾರ್ ಕೇಳ್ತಾರಮ್ಮ," ಎಂದ ರಘು.

ಜವರಯ್ಯ ತಂಡದ ಹೊಸ ಹಾಡು ಹಾಕಲು ಹೇಳಿದರು. ಮದನ್ ಮೊಬೈಲ್ ಮುಂದೆ ಹಿಡಿದ. ಹಾಡು ಮುಗಿದ ಮೇಲೂ ಜವರಯ್ಯ ಸ್ವಲ್ಪ ಹೊತ್ತು ಕಾದರು.

"ಆಯ್ತಾ?"

"ಆಯ್ತು ಜವರಣ್ಣ."

"ಇದ್ರೊಳ್ಗೆ ನಾನೆಲ್ಲಪ್ಪ ಇವ್ನಿ?"

"ನಾವು ಬೆಳೆದಿದೀವಿ ಅಣ್ಣ," ಎಂದ ಮದನ್. "ಸೌಂಡು ಬದಲಾಗಿದೆ, ನಿಜ. ಮನುಷ್ಯನಿಗೂ ವಯಸ್ಸಾದ್ರೆ ದನಿ ಬದಲಾಗುತ್ತೆ. ಅದಕ್ಕೇ ಅಂತ ಹೆಸರು ಬದಲಾಯಿಸ್ತಾನಾ? ಎಂಟು ವರ್ಷದಿಂದ ಜನ ಆ ಹೆಸರಿಗೆ ಬರ್ತಿದಾರೆ."

"ನಮ್ಮಲ್ಲಿ ತಾತನ ಎಸ್ರ ಮೊಮ್ಮಗುಂಗೆ ಇಡ್ತಾರೆ. ಅದೂ ತಾತ ಸತ್ ಮೇಲೆ. ನಾನ್ ಸತ್ತಿಲ್ಲ, ನೀನು ನನ್ ಮೊಮ್ಮಗ್ನೂ ಅಲ್ಲ."

ಹೆಂಡತಿ ಶಿವನಂಜಮ್ಮ ಒಳಗಿನಿಂದಲೇ ನಕ್ಕರು. "ಮೊಮ್ಮಗ ಆದ್ರೆ ಅವ್ರಜ್ಜಿ ನಮ್ಮ ಮನೇಲಿ ಉಣ್ಬೇಕಾಯ್ತದೆ, ಕೇಳ್ ನೋಡು."

ಮದನ್ ತಲೆ ತಗ್ಗಿಸಿದ. ಜವರಯ್ಯ ಕಾಗದವನ್ನು ಮಡಚಿ ಅವನಿಗೇ ಕೊಟ್ಟು, ತಮ್ಮ ಷರತ್ತು ಹೇಳಿದರು. ಬಿಂದುಶ್ರೀಯ ಮದುವೆಯಾದ ಅದೇ ಛತ್ರದಲ್ಲಿ, ಒಳಗಡೆ, ತಂಡದ ಜೊತೆ ನಿಂತು ಬಾರಿಸಬೇಕು. ಹಾಡು ಬೇಡ, ಒಂದೇ ಒಂದು ಪೆಟ್ಟಾದರೂ ಸಾಕು. "ಅಲ್ಲಿ ಕೇಳುಸ್ಲಿ. ಆಮ್ಯಾಕೆ ಸೈನ್ ಆಕ್ತೀನಿ."

ಮದನ್ ಒಪ್ಪಿದ. ಹೊಸ ಹಾಡುಗಳ ಬಿಡುಗಡೆ ಹೇಗೂ ಅಲ್ಲೇ ಇತ್ತು, ಫೆಬ್ರವರಿಯ ಒಂದು ಭಾನುವಾರ ಸಂಜೆ.

ಜವರಯ್ಯ ಅಂದು ಫೈಬರ್ ತಮಟೆ ತರಲಿಲ್ಲ. ಅದಕ್ಕೆ ಬೆಂಕಿ ಬೇಕಿಲ್ಲ, ಆದರೆ ಅವರ ಲೆಕ್ಕದಲ್ಲಿ ಅದು ಬಕೆಟ್ಟು. ತಮ್ಮ ಹೆಸರು ಬರೆಸಿದ್ದ, ಅಪ್ಪನ ಕಾಲದ ಬಳೆಗೇ ಹೊಸ ಚರ್ಮ ಬಿಗಿಸಿ ತಂದಿದ್ದರು. ಆಶಾರಾಣಿಯೂ ಜೊತೆಗೆ ಬಂದಿದ್ದಳು. ಛತ್ರದ ಹಿಂದೆ ಗರಿ ಉರಿಸಿ ಕಾಯಿಸಿದರು. ಬೆರಳಲ್ಲಿ ತಟ್ಟಿದರೆ ಟಣ್ ಎನ್ನುತ್ತಿತ್ತು. ಹಾಗೆ ಕಾದ ಚರ್ಮ ಕಾಲು ಗಂಟೆ ಬಿಗಿಯಾಗಿರುತ್ತದೆ. ರಘು ಬಂದು, ಬನ್ನಿ ಎಂದಾಗ ಒಳಗೆ ಹೋದರು.

ಒಳಗೆ ಎ.ಸಿ. ಇತ್ತು. ವೇದಿಕೆಯ ಮೇಲೆ ಒಂದು ಕುರ್ಚಿ ಇತ್ತು.

ಅದು ಸನ್ಮಾನದ ಕುರ್ಚಿ. ಈ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಕೂರಿಸಿದರು. ಮೈಸೂರು ಪೇಟ ತೊಡಿಸಿದರು. ಶಾಲು ಹೊದೆಸಿ, ಏಲಕ್ಕಿ ಹಾರ ಹಾಕಿ, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟರು. ತಮಟೆ ಕುರ್ಚಿಯ ಕಾಲಿಗೆ ಒರಗಿತ್ತು. ಒಬ್ಬ ಮುಖಂಡರು ಜಾನಪದದ ಬಗ್ಗೆ ಮಾತಾಡಿದರು, ಇನ್ನೊಬ್ಬರು ಯುವಜನರ ಬಗ್ಗೆ. ತಮ್ಮ ಹೆಸರನ್ನೇ ತಂಡಕ್ಕೆ ಧಾರೆ ಎರೆದ ಹಿರಿಯ ಜೀವ ಎಂದು ನಿರೂಪಕಿ ಅಭಿನಂದನಾ ಪತ್ರ ಓದಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಜವರಯ್ಯ ಕೈ ಮುಗಿದರು; ಎದುರು ಆರುನೂರು ಜನ ನಿಂತಾಗ ಬೇರೇನು ಮಾಡುವುದು ಅವರಿಗೆ ತಿಳಿಯಲಿಲ್ಲ. ಮೂರು ಕ್ಯಾಮೆರಾ ಅದನ್ನು ಹಿಡಿದವು.

ನಲವತ್ತು ನಿಮಿಷದ ನಂತರ ಮದನ್ ಮೈಕಿನಲ್ಲಿ, "ಒಂದು ಪೆಟ್ಟು ಜವರಣ್ಣ!" ಎಂದ.

ಕಾದ ತಮಟೆಯ ಪೆಟ್ಟು ಕಲ್ಲಿಗೆ ಕಲ್ಲು ಬಡಿದಂತೆ ಸಿಡಿಯುತ್ತದೆ. ಬಂದದ್ದು ಒದ್ದೆ ಗೋಣಿಚೀಲಕ್ಕೆ ದೊಣ್ಣೆ ಬಿದ್ದ ಸದ್ದು. ಜವರಯ್ಯ ಮದನ್‌ನ ಮುಖ ನೋಡಿದರು. ಕುಕ್ಕರಗಾಲಿನಲ್ಲಿ ಕೂತು ನಾಲ್ಕೂವರೆ ವರ್ಷ ಗರಿ ಒಡ್ಡಿದವನಿಗೆ ಆ ಸದ್ದು ಏನೆಂದು ಗೊತ್ತಿತ್ತು. ಅವನು ಗಿಟಾರಿನ ತಂತಿ ಸರಿಮಾಡಿಕೊಂಡ. ಜನಕ್ಕೆ ಗೊತ್ತಾಗಲಿಲ್ಲ. ಮೊದಲಿಗಿಂತ ಜೋರಾಗಿ ಶಿಳ್ಳೆ ಹೊಡೆದರು.

ವೇದಿಕೆಯ ಪಕ್ಕದ ಕೋಣೆಯಲ್ಲಿ ರಘು ಪೆನ್ನಿನ ಮುಚ್ಚಳ ತೆಗೆದು ನಿಂತಿದ್ದ.

"ಅದು ಪೆಟ್ಟಲ್ಲ ಕಣಪ್ಪ, ಆರೋಗಿತ್ತು," ಎಂದರು ಜವರಯ್ಯ. "ಇನ್ನೊಂದ್ ಸಾರಿ ಕಾಯಿಸ್ಕಬತ್ತೀನಿ. ಅತ್ತೇ ನಿಮ್ಸ."

ಹಿಂದೆ ಹೋಗಿ ಮತ್ತೆ ಬೆಂಕಿ ಮಾಡಿದರು. ಪೇಟ ತಲೆಯ ಮೇಲೇ ಇತ್ತು. ಕಾಯಿಸಿಕೊಂಡು ಬರುವಷ್ಟರಲ್ಲಿ ಪಕ್ಕದ ಬಾಗಿಲು ಹಾಕಿತ್ತು. ಮುಂದಿನ ಬಾಗಿಲಲ್ಲಿ ಕಾವಲಿನವನು ಟಿಕೆಟ್ ಕೇಳಿದ. ಆಶಾರಾಣಿ ತಮಟೆಯ ಬಳೆ ತಿರುಗಿಸಿ, "ಎಸ್ರು ಓದ್ರೀ ಇಲ್ಲಿ," ಎಂದಳು.

"ಎಲ್ಲ ಫ್ಯಾನ್‌ಗಳೂ ಇಂಗೇ ಬರಸ್ಕೊಂಡ್ ಬತ್ತಾರೆ ಕಣಮ್ಮ. ಟಿಕೆಟ್ ತಗಂಡ್ ಬನ್ನಿ."

ಒಳಗೆ ಮೆದುವಾದ ಹಾಡೊಂದು ಶುರುವಾಗಿತ್ತು. ಅವರು ಬಸ್ ಹತ್ತಿ ಊರಿಗೆ ಮರಳಿದರು. ಕಾಗದಕ್ಕೆ ಸಹಿ ಬೀಳಲಿಲ್ಲ.

ಹತ್ತು ದಿನ ಬಿಟ್ಟು ಮದನ್ ಫೋನ್ ಮಾಡಿದ. ದನಿಯಲ್ಲಿ ಮರ್ಯಾದೆ ಇತ್ತು. ಸಹಿಗೆ ಇನ್ನು ತೊಂದರೆ ತೆಗೆದುಕೊಳ್ಳಬೇಡಿ ಎಂದ. ಹೆಸರು ಧಾರೆ ಎರೆದಿದ್ದನ್ನು ಓದಿದಾಗ ಜವರಯ್ಯ ಕೈ ಮುಗಿದ ವಿಡಿಯೋ ಇದೆಯಲ್ಲ, ಸದ್ಯಕ್ಕೆ ಅದು ಸಾಕು ಅಂದಿದ್ದಾರೆ ವಕೀಲರು.

"ನಿನ್ ಕಿವಿಗೆ ಗೊತ್ತಾಗ್ನಿಲ್ವಾ ಮದನಪ್ಪ, ಅವತ್ತು?" ಎಂದು ಜವರಯ್ಯ ಕೇಳಿದರು.

"ಗೊತ್ತಾಯ್ತು ಜವರಣ್ಣ," ಎಂದು ಮದನ್ ಫೋನ್ ಇಟ್ಟ.

ಆ ವಿಡಿಯೋ ಓಡಾಡಿದ ಮೇಲೆ ಬೇರೆ ಕಾಟ ಶುರುವಾಯಿತು. ರಿಸೆಪ್ಷನ್‌ಗೆ ಬ್ಯಾಂಡ್ ಬೇಕಾದವರು ತಗಡಿನ ಬೋರ್ಡಿನ ನಂಬರಿಗೆ ಫೋನ್ ಮಾಡಿ, ಕೀಬೋರ್ಡ್ ತರುತ್ತೀರಾ ಎನ್ನುತ್ತಿದ್ದರು. ತಮಟೆ ಬೇಕಾದವರು ಬೇರೆಯವರನ್ನು ಹುಡುಕಿಕೊಂಡರು. ಜವರಯ್ಯ ಈಗ ದೊಡ್ಡ ಬ್ಯಾಂಡಿನವನು, ಸಾವಿಗೆಲ್ಲ ಬರುತ್ತಾನೆಯೇ ಎಂದು. ಏಪ್ರಿಲ್‌ನಲ್ಲಿ ಜವರಯ್ಯ ಬೋರ್ಡು ಇಳಿಸಿ ಬರೆಯುವವನ ಬಳಿ ಒಯ್ದರು. ಅದೀಗ 'ಮಂಟೇಸ್ವಾಮಿ ತಮಟೆ ತಂಡ'. ತಮಟೆಯ ಬಳೆಯ ಮೇಲಿನ ನಾಲ್ಕು ಅಕ್ಷರವನ್ನು ಮನೆಯಲ್ಲೇ ಬ್ಲೇಡಿನಿಂದ ಕೆರೆದರು.

ಮೇ ತಿಂಗಳಲ್ಲಿ ದೇವನೂರಿನಲ್ಲೊಂದು ಸಾವಾಯಿತು. ಬೆಳಿಗ್ಗೆ ಎಂಟರ ಹೊತ್ತಿಗೆ ಆರು ತಮಟೆಗಳು ಬೆಂಕಿಯ ಸುತ್ತ ನಿಂತಿದ್ದವು, ಒಂದರ ಮೇಲೂ ಹೆಸರಿರಲಿಲ್ಲ. ಜವರಯ್ಯನವರ ಫೋನ್ ರಿಂಗಾಯಿತು.

"ಜವರಯ್ಯ ಅವ್ರಾ?"

"ಅಲ್ಲ ಸಾ. ರಾಂಗ್ ನಂಬ್ರು."

ಫೋನನ್ನು ಜೇಬಿಗೆ ಹಾಕಿ, ಬೆಂಕಿಯ ಪಕ್ಕದಿಂದ ಒಂದು ತಮಟೆ ಎತ್ತಿ ಬೆರಳಲ್ಲಿ ತಟ್ಟಿ ನೋಡಿದರು. ಟಣ್ ಎಂದಿತು. ಚಟ್ಟ ಮೇಲೆದ್ದಿತು. ಅವರು ಮೊದಲ ಪೆಟ್ಟು ಹೊಡೆದರು.