ತಲೆ ತಗ್ಗಿಸಿದವಳಿಗೆ ಮೂವತ್ತನಾಲ್ಕು ಅಂಕ

ಕೋವಿಡ್ ಕಳೆದ ಮರುವರ್ಷ ನಾನು ಹೆಗ್ಗಡದೇವನಕೋಟೆಯ ಕಾಲೇಜೊಂದರಲ್ಲಿ ಬಿಬಿಎ ವಿಭಾಗದ ಮುಖ್ಯಸ್ಥನಾಗಿದ್ದೆ. ರಾಗಿ ಬೆಳೆಯುವ ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ಆ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ.

ಆ ವರ್ಷ ದಾನಿಯೊಬ್ಬರು ಎರಡು ವಿಆರ್ ಹೆಡ್‌ಸೆಟ್ ಕೊಟ್ಟರು. ಅದನ್ನು ಕಣ್ಣಿಗೆ ಕಟ್ಟಿಕೊಂಡರೆ ದೊಡ್ಡ ಅಂಗಡಿಯೊಳಗೇ ನಿಂತಂತೆ ಕಾಣುತ್ತದೆ. ಅದರೊಳಗೆ ಕೆಟ್ಟ ಮಿಕ್ಸಿ ಹಿಡಿದು ಬಂದ ಮುದುಕನೊಬ್ಬ ಕನ್ನಡದಲ್ಲೇ ಬೈಯುತ್ತಾನೆ. ವಿದ್ಯಾರ್ಥಿ ಅವನನ್ನು ಸಮಾಧಾನಪಡಿಸಬೇಕು. ಕೊನೆಗೆ ಸಾಫ್ಟ್‌ವೇರೇ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ. ಮೈಸೂರಿನ ಒಂದು ಮಳಿಗೆಯವರು ಆ ಅಂಕದ ಮೇಲೆಯೇ ಎಂಟು ಮಂದಿಗೆ ಕೆಲಸ ಕೊಡಲು ಒಪ್ಪಿದ್ದರು. ಪಟ್ಟಿ ಕಳಿಸಬೇಕಾದವನು ನಾನು.

ಅಂತರಸಂತೆಯಿಂದ ಬರುತ್ತಿದ್ದ ಕೊನೆಯ ವರ್ಷದ ವಿದ್ಯಾರ್ಥಿನಿ ಚೈತ್ರಾಳಿಗೆ ಆ ಕೆಲಸ ಬೇಕೇ ಬೇಕಿತ್ತು. ಅವಳ ಅಪ್ಪ ನನ್ನೆದುರಿಗೇ ಹೇಳಿದ್ದರು: “ಕಾಲೇಜಿನವ್ರೇ ಕೆಲ್ಸ ಕೊಡ್ಸುದ್ರೆ ಮೈಸೂರಿಗೆ ಕಳುಸ್ತೀನಿ ಸಾ. ಇಲ್ದಿದ್ರೆ ಗಂಡು ನೋಡಿವ್ನಿ, ಮದ್ವೆ ಮಾಡ್ತೀನಿ.”

ಚೈತ್ರಾಳಿಗೆ ಬಂದದ್ದು ಮೂವತ್ತನಾಲ್ಕು. ಐ ಕಾಂಟ್ಯಾಕ್ಟ್, ಅಂದರೆ ಎದುರಿನವರ ಕಣ್ಣು ನೋಡಿ ಮಾತಾಡುವುದು, ಎಂಬಲ್ಲಿ ಸೊನ್ನೆ.

“ಲೇ, ತಾತ ಬೈತಿದ್ರೆ ನೀನು ನೆಲ್ದಲ್ಲಿ ಬಿದ್ದೋದ ಓಲೆ ಉಡುಕ್ತಿದ್ಯೇನೇ?” ಎಂದು ಗೆಳತಿ ಸಿಂಧು ಛೇಡಿಸಿದಳು. ತರಗತಿ ನಕ್ಕಿತು. ನಾನೂ ನಕ್ಕೆ.

ನೆಲ ನೋಡಿಕೊಂಡು ಉತ್ತರಿಸಿದ್ದಕ್ಕೇ ನನಗೆ ಮೊದಲ ಇಂಟರ್‌ವ್ಯೂ ಕೈತಪ್ಪಿತ್ತು. ಹಾಗಾಗಿ ಯಂತ್ರ ಹೇಳಿದ್ದೇ ಸರಿ ಅನ್ನಿಸಿತು. ಅವಳನ್ನು ಬಿಟ್ಟು ಪಟ್ಟಿಗೆ ಸಹಿ ಹಾಕಿ ಮಳಿಗೆಗೆ ಕಳಿಸಿದೆ.

ಮರುದಿನ ಚೈತ್ರಾ ಸ್ಟಾಫ್ ರೂಮಿಗೆ ಬಂದಳು. “ಮುಖ ನೋಡಿ ಮಾತಾಡ್ಬೇಕು ಕಣಮ್ಮ,” ಎಂದೆ.

“ದೊಡ್ಡೋರು ಬೈತಿರುವಾಗ ಮುಖ ನೋಡುದ್ರೆ ಇನ್ನೂ ಸಿಟ್ಟಾಗ್ತಾರಲ್ವಾ ಸಾರ್? ಅದುಕ್ಕೇ ತಲೆ ತಗ್ಗುಸ್ದೆ. ಆಮೇಲೆ ಅವ್ರೇ ‘ಆಯ್ತು ಬುಡಮ್ಮ, ಬೇರೆ ಮಿಕ್ಸಿ ಕೊಡು’ ಅಂದ್ರು.”

ಅವಳು ಹೋದ ಮೇಲೆ ಹೆಡ್‌ಸೆಟ್‌ನಲ್ಲಿ ಉಳಿದಿದ್ದ ಎಲ್ಲರ ರೆಕಾರ್ಡಿಂಗ್‌ಗಳನ್ನು ಹಾಕಿ ನೋಡಿದೆ. ಚೈತ್ರಾ ಹೇಳಿದ್ದು ನಿಜ. ಪಟ್ಟಿಯಲ್ಲಿದ್ದ ಎಂಟು ಮಂದಿಯಲ್ಲಿ ಆರು ಮಂದಿಯ ಎದುರು ಮುದುಕ ಬೈಯುತ್ತಲೇ ಹೊರಟುಹೋಗಿದ್ದ. ಕಣ್ಣಿಗೆ, ದನಿಗೆ, ವೇಗಕ್ಕೆ ಅಂಕವಿತ್ತು. ಗಿರಾಕಿ ತಣ್ಣಗಾದದ್ದಕ್ಕೆ ಇರಲಿಲ್ಲ.

ಚೈತ್ರಾಳನ್ನೂ ಸೇರಿಸಿಕೊಳ್ಳಿ ಎಂದು ಮಳಿಗೆಗೆ ಫೋನ್ ಮಾಡಿದೆ. “ಲಿಸ್ಟ್ ಕ್ಲೋಸ್ ಆಗಿದೆ ಸರ್. ಸ್ಕೋರ್ ಕಮ್ಮಿ ಇದ್ರೆ ಸಿಸ್ಟಮ್ಮೇ ತಗೊಳಲ್ಲ,” ಎಂದರು.

ಅಂತರಸಂತೆಗೆ ಹೋಗಿ ಅವಳ ಅಪ್ಪನಿಗೆ, ತಪ್ಪು ನನ್ನದು, ನಿಮ್ಮ ಮಗಳದ್ದಲ್ಲ, ಮದುವೆಗೆ ಇನ್ನೊಂದು ವರ್ಷ ಕಾಯಿರಿ ಎಂದೆ. ಅವರಿಗೆ ಸಿಟ್ಟೇ ಬರಲಿಲ್ಲ.

“ಓದ್ದೋರು ನೀವು, ತಪ್ಪು ಮಾಡ್ತೀರಾ? ಅವ್ಳ ಕೈಲಾಗ್ನಿಲ್ಲ, ಅಷ್ಟೇ ಬುಡಿ. ಕೂತ್ಕಳಿ ಸಾ, ಕಾಪಿ ಕುಡೀರಿ.”

ನನ್ನ ಡಿಗ್ರಿಯ ಮೇಲೆ ಅವರಿಗಿದ್ದ ನಂಬಿಕೆಯೆದುರು ನನ್ನ ಮಾತು ನಡೆಯಲಿಲ್ಲ. ಪರೀಕ್ಷೆ ಮುಗಿದ ತಿಂಗಳಲ್ಲೇ ಚೈತ್ರಾಳ ಮದುವೆಯಾಯಿತು.

ಯಂತ್ರವೊಂದು ಅಂಕ ಕೊಟ್ಟರೆ, ಯಾವುದಕ್ಕೆ ಕೊಟ್ಟಿಲ್ಲ ಎಂಬುದನ್ನು ಸಹಿ ಹಾಕುವ ಮೊದಲೇ ಮೇಷ್ಟ್ರು ನೋಡಬೇಕು. ನಾನಿದನ್ನು ಕಲಿತದ್ದು ಒಂದು ಹುಡುಗಿಯ ಬದುಕು ಕೆಡಿಸಿ. ಕಲಿತು ಮಾಡಿದ್ದಾದರೂ ಏನು? ಮಳಿಗೆಯವರು ಈಗಲೂ ಅದೇ ಅಂಕ ಕೇಳುತ್ತಾರೆ. ಹೆಡ್‌ಸೆಟ್ ಕಟ್ಟುವ ಮೊದಲು, ಮುದುಕನ ಮುಖವನ್ನೇ ದಿಟ್ಟಿಸಿ ಎಂದು ಮಕ್ಕಳಿಗೆ ಹೇಳಿಕೊಡುತ್ತೇನೆ. ಎಲ್ಲರಿಗೂ ಎಂಬತ್ತರ ಮೇಲೆ ಬರುತ್ತಿದೆ. ಮುದುಕ ಬೈಯುತ್ತಲೇ ಹೊರಟುಹೋಗುತ್ತಾನೆ.