ನಿಂತಲ್ಲಿ ನಿಲ್ಲದ ಕುದುರೆ

ಜಾತಕದ ಪ್ರಕಾರ ನಾನು ಕುದುರೆ. ಅಶ್ವಿನಿ ನಕ್ಷತ್ರದವರಿಗೆ ಶಾಸ್ತ್ರ ಕೊಟ್ಟಿರುವ ಪ್ರಾಣಿ ಅದು. ನನ್ನ ಹೆಂಡತಿ ವಿಮಲೆಯದು ಶತಭಿಷ, ಅವಳಿಗೂ ಕುದುರೆಯೇ. ಕೂಟ ಅಮೋಘವಾಗಿದೆ ಎಂದು ಜೋಯಿಸರು ಮದುವೆ ಮಾಡಿಸಿಬಿಟ್ಟರು. ನಿಜವಾದ ಕುದುರೆ ಕಂಡರೆ ನಾನು ರಸ್ತೆ ದಾಟಿ ಆಚೆ ಬದಿಗೆ ಹೋಗುವವನು ಎಂಬುದನ್ನು ಯಾವ ಪಂಚಾಂಗವೂ ಹೇಳಿರಲಿಲ್ಲ.

ಎಂಬತ್ತರ ದಶಕದ ಕೊನೆಯ ಒಂದು ಚಳಿಗಾಲ. ಶ್ರಾವಣದಲ್ಲಿ ಹುಟ್ಟಿದ ನಮ್ಮ ಮೊದಲ ಮಗು ಉಳಿದಿರಲಿಲ್ಲ. ವಿಮಲೆ ಬೆಟ್ಟದ ಪಕ್ಕದ ಹಳ್ಳಿ ಕಳವಾರದ ತವರಿನಲ್ಲಿದ್ದಳು. ನಾನು ಚಿಂತಾಮಣಿಯ ಕಾಲೇಜಿನಲ್ಲಿ ಪಾಠ ಮುಗಿಸಿ ಶನಿವಾರ ಶನಿವಾರ ಬಸ್ಸು ಹತ್ತುತ್ತಿದ್ದೆ. ಅವಳು ಅಳುತ್ತಿರಲಿಲ್ಲ, ಕೂರುತ್ತಲೂ ಇರಲಿಲ್ಲ. ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿಂದ ಬಾವಿಗೆ, ಅಲ್ಲಿಂದ ಮತ್ತೆ ಒಳಗೆ. ಬಿಡಿಸಲು ಕೊಟ್ಟ ಅವರೆಕಾಯಿ ಮೊರದಲ್ಲೇ ಬಾಡುತ್ತಿತ್ತು. ನಾನು ಹಿಂದೆ ಹಿಂದೆ ಸುತ್ತುತ್ತ, ಓದಿದ ವೇದಾಂತವನ್ನೆಲ್ಲ ಅವಳ ಬೆನ್ನಿಗೆ ಹೇಳುತ್ತಿದ್ದೆ.

ಅದೇ ಸಮಯಕ್ಕೆ ಮಾವನವರು ಚಿಂತಾಮಣಿಯ ಜಟಕಾದವರೊಬ್ಬರಿಂದ ಕಂದು ಬಣ್ಣದ ಎಳೆಯ ಹೆಣ್ಣುಕುದುರೆ ತಂದರು. ಆಟೋಗಳು ಬಂದ ಮೇಲೆ ಅದಕ್ಕೆ ಗಾಡಿಯ ಕೆಲಸವಿರಲಿಲ್ಲ. ಸವಾರಿಗೆ ಪಳಗಿಸೋಣ ಎಂಬುದು ಅವರ ಹುರುಪು. ರಾಗಿ ಕೊಯ್ದು ಖಾಲಿಯಾದ ಹೊಲದಲ್ಲಿ, ಬೆಳಗಿನ ಮಂಜಿನಲ್ಲಿ, ಉದ್ದ ಹಗ್ಗ ಹಿಡಿದು ಸುತ್ತಿಸುವುದು, ಬೆನ್ನಿಗೆ ಗೋಣಿಚೀಲದ ಭಾರ ರೂಢಿ ಮಾಡಿಸುವುದು, ಆಮೇಲೆ ಜೀನು. ಒಂದು ದಿನ ವಿಮಲೆ ಹೋಗಿ ಆ ಹಗ್ಗವನ್ನು ತಾನೇ ತೆಗೆದುಕೊಂಡಳು. ಅತ್ತೆ ಗಾಬರಿಯಾದರು.

“ಇರ್ಲಿ ಬಿಡೇ,” ಎಂದರು ಮಾವ. “ಅದೂ ನಿಂತಲ್ಲಿ ನಿಲ್ಲಲ್ಲ, ನಮ್ಮ ವಿಮಲಮ್ಮಾನೂ ನಿಲ್ಲಲ್ಲ. ಜೊತೇಲಿ ಸುತ್ಲಿ.”

ಧನುರ್ಮಾಸವೆಲ್ಲ ಇಬ್ಬರೂ ಸುತ್ತಿದರು. ಸಂಕ್ರಾಂತಿ ಕಳೆದ ಒಂದು ಭಾನುವಾರ ಅವಳು ಮೊದಲ ಸಲ ಹೊಲದಾಚೆಗೆ ಸವಾರಿ ಹೊರಟಳು. ನಾನು ಬೇಲಿಯ ಈಚೆ ಸುರಕ್ಷಿತವಾಗಿ ನಿಂತಿದ್ದೆ. ಪೊದೆಯಿಂದ ಕೌಜುಗದ ಹಿಂಡೊಂದು ಪಟಪಟನೆ ಎದ್ದದ್ದೇ ತಡ, ಕುದುರೆ ಬೆದರಿ ಬೆಟ್ಟದ ಕಡೆಗೆ ಓಟ ಕಿತ್ತಿತು. ಮಂಜಿನಲ್ಲಿ ಇಬ್ಬರೂ ಕಾಣದಾದರು. ಸ್ವಲ್ಪ ಹೊತ್ತಿಗೆ ಗೊರಸಿನ ಸದ್ದೂ ನಿಂತಿತು. ನಾನು ಓಡಿದೆ, ಒಂದು ಚಪ್ಪಲಿ ಎಲ್ಲಿ ಬಿತ್ತೋ ತಿಳಿಯಲಿಲ್ಲ.

ಬೆಟ್ಟದ ಬುಡದಲ್ಲಿ ಎದುರಿಗೇ ಬಂದಳು, ಕುದುರೆಯನ್ನು ನಡೆಸಿಕೊಂಡು. ಕಣ್ಣು ಊದಿಕೊಂಡಿತ್ತು.

“ಬಿದ್ಯಾ?”

“ಇಲ್ಲ ರೀ. ಅದು ಓಡ್ತು, ನಾನೂ ತಡೀಲಿಲ್ಲ. ಆಮೇಲೆ ಅದೇ ನಿಂತ್ಕೊಂತು. ಅಲ್ಲಿ ಯಾರೂ ಇರ್ಲಿಲ್ಲ. ಅತ್ಬಿಟ್ಟೆ.”

ಆಗ ಯಾವ ವೇದಾಂತವೂ ನೆನಪಿಗೆ ಬರಲಿಲ್ಲ, ಪುಣ್ಯಕ್ಕೆ. ಮೂವರೂ ಊರ ಕಡೆ ನಡೆದೆವು. ಹಾದಿಯಲ್ಲಿ ಅವಳೇ ಕೇಳಿದಳು, “ಸಾಯಂಕಾಲ ಬಸ್ಸು ಎಷ್ಟೊತ್ತಿಗೆ? ನಾನೂ ಬರ್ತೀನಿ.”

ದುಃಖದಲ್ಲಿರುವವರನ್ನು ಕೂರಿಸಿ ಸಮಾಧಾನ ಹೇಳುವುದು ನಮ್ಮ ಪದ್ಧತಿ. ಕೆಲವು ದುಃಖಕ್ಕೆ ಕೂರಲು ಬರುವುದಿಲ್ಲ. ಅದು ಓಡಿ ಸುಸ್ತಾಗುವವರೆಗೆ ಹಿಂದೆ ಬರುವವರೊಬ್ಬರಿದ್ದರೆ ಸಾಕು. ಏದುಸಿರು ಬಿಡುತ್ತ ಕೊಂಚ ತಡವಾಗಿ ಬಂದರೂ ಅಡ್ಡಿಯಿಲ್ಲ.