ಖಾರ ಸಿಗದ ಗುಂಪು

ಬಸ್ಸಿನಲ್ಲಿ ಕೂತು ಯಾರಿಗೂ ಗೊತ್ತಾಗದಂತೆ ತಿನ್ನುವ ವಿದ್ಯೆ ನನಗೆ ಇನ್ನೂ ಕೈಗೂಡಿಲ್ಲ. ಸವಣೂರಿನಿಂದ ಶಿಗ್ಗಾಂವಿಗೆ ದಿನಾ ಹೋಗಿಬರುವವನು ನಾನು. ಚೀಲದಲ್ಲಿ ನಮ್ಮೂರ ಖಾರದ ಪೊಟ್ಟಣ ಒಂದು ಇದ್ದೇ ಇರುತ್ತದೆ. ದೂರದವರಿಗೆ ತಿಳಿಯಲೆಂದು ಹೇಳುತ್ತೇನೆ, ನಮ್ಮಲ್ಲಿ ಖಾರ ಎಂದರೆ ಶೇವು, ಶೇಂಗಾ ಕೂಡಿಸಿದ ಕುರುಕಲು ತಿಂಡಿ. ಹಸಿವಾದಾಗ ಪೊಟ್ಟಣ ಬಿಚ್ಚಬೇಕು, ಬಿಚ್ಚಿದರೆ ಪಕ್ಕದವರಿಗೆ ‘ತಗೋರಿ’ ಎನ್ನಬೇಕು. ಅವರು ‘ಬ್ಯಾಡ್ರಿ, ಈಗ ಉಂಡ್ ಬಂದೇನಿ’ ಎನ್ನಬೇಕು. ನಾನು ಒತ್ತಾಯ ಮಾಡಬೇಕು, ಅವರು ಮುನಿಸಿಕೊಂಡವರಂತೆ ಅಂಗೈ ಚಾಚಬೇಕು. ಇಷ್ಟು ಶಾಸ್ತ್ರ ಮುಗಿಯುವ ಹೊತ್ತಿಗೆ ಹಿಂದಿನ ಸೀಟಿನವರು ಕೆಮ್ಮುತ್ತಾರೆ. ಕೊನೆಗೆ ಪೊಟ್ಟಣದ ತಳದಲ್ಲಿ ನನಗಾಗಿ ಉಳಿಯುವುದು ನಾಲ್ಕು ಕರಿಬೇವಿನ ಎಲೆ. ಎದುರಿಗಿದ್ದವರನ್ನು ಬಿಟ್ಟು ತಿನ್ನುವುದು ನಮ್ಮ ಕಡೆಯವರಿಂದ ಆಗದ ಕೆಲಸ. ಹಾಗೆಂದು ಬಹಳ ಕಾಲ ನಂಬಿದ್ದೆ, ಒಳಗೊಳಗೇ ಹೆಮ್ಮೆಯನ್ನೂ ಪಡುತ್ತಿದ್ದೆ.

ಶಿಗ್ಗಾಂವಿಯ ಒಂದು ಕಾಲೇಜಿನಲ್ಲಿ ನಾನು ಮನೋವಿಜ್ಞಾನ ಕಲಿಸುತ್ತೇನೆ. ವಿಭಾಗದ ಮುಖ್ಯಸ್ಥ ನಾನೇ, ಸಿಬ್ಬಂದಿಯೂ ನಾನೇ. ನನ್ನ ರಜೆಯ ಅರ್ಜಿಗೆ ನಾನೇ ಶಿಫಾರಸು ಬರೆದು, ನಾನೇ ಗಂಭೀರವಾಗಿ ಓದಿ ಒಪ್ಪುತ್ತೇನೆ. ಊರಿನವರಿಗೆ ನನ್ನ ವಿಷಯದ ಬಗ್ಗೆ ಭಾರೀ ಕುತೂಹಲ. ಬಸ್ ನಿಲ್ದಾಣದಲ್ಲಿ ಸಿಕ್ಕವರು ‘ನನ್ನ ಮನಸ್ಸಿನ್ಯಾಗ ಈಗ ಏನೈತಿ, ಹೇಳ್ರಿ ನೋಡೋಣು’ ಎಂದು ಮುಖ ಮುಂದೆ ಮಾಡುತ್ತಾರೆ. ‘ಬಸ್ ಯಾವಾಗ ಬರ್ತೈತಿ ಅಂತ ಐತ್ರಿ’ ಎನ್ನುತ್ತೇನೆ. ಇಲ್ಲಿಯವರೆಗೆ ಒಮ್ಮೆಯೂ ತಪ್ಪಾಗಿಲ್ಲ.

ಕಡೆಯ ವರ್ಷದ ವಿದ್ಯಾರ್ಥಿಗಳು ಒಂದು ಸಂಶೋಧನೆ ಮಾಡಿ ಹೊರಗಿನಿಂದ ಬರುವ ಪರೀಕ್ಷಕರ ಮುಂದೆ ಒಪ್ಪಿಸಬೇಕು. ಹುಡುಗರಲ್ಲಿ ವಿಚಾರಗಳಿಗೇನೂ ಬರವಿಲ್ಲ. ಒಬ್ಬನಿಗೆ ಪ್ರೀತಿ ಯಾಕೆ ಕೈಕೊಡುತ್ತದೆ ಎಂದು ಕಂಡುಹಿಡಿಯಬೇಕು, ಅದೂ ಈ ಸೆಮಿಸ್ಟರಿನ ಒಳಗೇ. ಇನ್ನೊಬ್ಬಳಿಗೆ ಮೊಬೈಲು ನೋಡಿದರೆ ತಲೆ ಕೆಡುತ್ತದೆಂಬ ಅವ್ವನ ಮಾತು ಸುಳ್ಳೆಂದು ಸಿದ್ಧ ಮಾಡಬೇಕು, ಅದಕ್ಕೆ ಅವ್ವನ ಸಹಿಯೂ ಬೇಕು. ಇಂಥ ಜೋಳದ ಚೀಲದಷ್ಟು ವಿಚಾರವನ್ನು ಜರಡಿ ಹಿಡಿದು ಹಿಡಿಯಷ್ಟು ಪ್ರಶ್ನೆ ಮಾಡುವುದು ನನ್ನ ಕೆಲಸ. ‘ಯಾರನ್ನ ಕೇಳ್ತಿ? ಏನನ್ನ ಅಳಿತಿ? ಯಾವುದರ ಜೋಡಿ ಹೋಲಸ್ತಿ?’ ಎಂದು ನಾನು ಕೇಳುತ್ತ ಹೋದಂತೆ ಅವರ ಮುಖ ಸಣ್ಣಗಾಗುತ್ತ ಹೋಗುತ್ತದೆ. ಪ್ರೀತಿಯ ಹುಡುಗ ಕೊನೆಗೆ ‘ಕಾಲೇಜಿನ ಗಂಟೆ ಬಾರಿಸಿದಾಗ ಗಮನ ತಪ್ಪುವ ಬಗೆ’ ಎಂಬ ವಿಷಯಕ್ಕೆ ಬಂದು ನಿಂತ. ಅವನ ಕಣ್ಣಲ್ಲಿ ನೀರಿತ್ತು. ಆದರೆ ವಿನ್ಯಾಸ ಅಚ್ಚುಕಟ್ಟಾಗಿತ್ತು.

ರೇಣುಕಾ ಮಾತ್ರ ಸಣ್ಣ ಪ್ರಶ್ನೆಯನ್ನೇ ತಂದಳು. ಹಿರೇಕೆರೂರು ಕಡೆಯ ಹಂಸಭಾವಿಯವಳು, ಇಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಅವಳ ಅಪ್ಪನದು ಕಾಳುಕಡಿಯ ವ್ಯಾಪಾರ.

‘ರೈತರು ಮಾಲು ತಂದ ಕೂಡ್ಲೇ ನಮ್ಮಪ್ಪ ಮೊದ್ಲ ಚಾ, ಖಾರ ಕೊಡಸ್ತಾರ್ರಿ ಸರ್. ತಿಂದವ್ರು ಬ್ಯಾರೆ ಅಂಗಡಿಗೆ ಹೋಗಂಗೇ ಇಲ್ಲ. ತಿನ್ನಾಕ ಕೊಟ್ರ ಮಂದಿ ನಾವ್ ಹೇಳಿದ್ದಕ್ಕ ಹೂಂ ಅಂತಾರೋ ಏನು, ಅದನ್ನ ನೋಡ್ಬೇಕಂತ ಮಾಡೇನ್ರಿ.’

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಇಂಥ ಪ್ರಶ್ನೆ ಹುಡುಕಿಕೊಂಡು ಬರುವುದು ಅಪರೂಪ. ಅವಳ ಮುಂದಿನ ಓದೇ ಇದರ ಮೇಲೆ ನಿಂತಿತ್ತು. ಧಾರವಾಡಕ್ಕೆ ಹೋಗಿ ಇದೇ ವಿಷಯದಲ್ಲಿ ಎಂ.ಎ. ಮಾಡಬೇಕೆಂಬುದು ಅವಳ ಆಸೆ. ಅವಳಪ್ಪನ ಪ್ರಕಾರ ಇದು ಹುಚ್ಚರ ಓದು. ಬಹಳ ಜಗ್ಗಾಡಿದ ಮೇಲೆ ಅವರು ಒಂದು ಮಾತಿಗೆ ಬಂದಿದ್ದರು: ಈ ಸಂಶೋಧನೆಗೆ ಫಸ್ಟ್ ಕ್ಲಾಸ್ ಬಂದರೆ ಧಾರವಾಡ, ಇಲ್ಲದಿದ್ದರೆ ಅಂಗಡಿಯ ಗಲ್ಲಾಪೆಟ್ಟಿಗೆ.

ವಿನ್ಯಾಸ ಸರಳವಾಗಿತ್ತು. ಮೊದಲ ವರ್ಷದ ಹುಡುಗರನ್ನು ಚೀಟಿ ಎತ್ತಿಸಿ ಎರಡು ಗುಂಪು ಮಾಡುವುದು. ಒಂದು ಕೋಣೆಯವರಿಗೆ ಖಾರ ಕೊಡುವುದು, ಇನ್ನೊಂದು ಕೋಣೆಯವರಿಗೆ ಏನೂ ಕೊಡದೆ ಸುಮ್ಮನೆ ಕೂರಿಸುವುದು. ಆಮೇಲೆ ‘ಗ್ರಂಥಾಲಯದ ಧೂಳು ಹೊಡೆಯಲು ರವಿವಾರ ಬರುತ್ತೀರಾ?’ ಎಂದು ಎರಡೂ ಕಡೆ ಕೇಳಿ, ಎತ್ತಿದ ಕೈ ಎಣಿಸುವುದು. ಏನೂ ಸಿಗದ ಗುಂಪಿಗೆ ಕಂಟ್ರೋಲ್ ಗುಂಪು ಎನ್ನುತ್ತಾರೆ. ಅವರಿಗೆ ಸಿಗಲಿಲ್ಲ ಎಂಬುದರಿಂದಲೇ ಇವರಿಗೆ ಸಿಕ್ಕಿದ್ದರ ಬೆಲೆ ಗೊತ್ತಾಗುವುದು ಎಂದು ನಾನು ತರಗತಿಯಲ್ಲಿ ಸ್ವಲ್ಪ ರಾಗವಾಗಿಯೇ ವಿವರಿಸಿದೆ.

ರೇಣುಕಾಳ ಜೋಡಿ ಇದೇ ಸಂಶೋಧನೆಯಲ್ಲಿದ್ದವನು ಸಿದ್ಧಾರ್ಥ. ಹಾನಗಲ್ಲ ಹತ್ತಿರದ ಹಳ್ಳಿಯವನು. ಅಜ್ಜನ ಕಾಲಕ್ಕೆ ಊರ ಹೊರಗಿನ ಕೇರಿಯಲ್ಲಿದ್ದು, ಅಪ್ಪನ ಕಾಲಕ್ಕೆ ಬೌದ್ಧರಾದ ಮನೆತನ. ಅವನು ಕೂತಲ್ಲಿಂದಲೇ ಹೇಳಿದ: ‘ಹಂಗಾರ ನಮ್ಮ ಕೇರಿ ಬಾಳ ವರ್ಷದಿಂದ ಕಂಟ್ರೋಲ್ ಗುಂಪು ಆಗೇತ್ರಿ ಸರ್.’

ತರಗತಿ ನಕ್ಕಿತು. ನಾನೂ ನಕ್ಕೆ. ಅವನೂ ನಗುತ್ತಿದ್ದ, ಆದರೆ ಪೂರ್ತಿ ನಗುತ್ತಿರಲಿಲ್ಲ. ನಾನು ಮನೋವಿಜ್ಞಾನದ ಮೇಷ್ಟ್ರಾದ್ದರಿಂದ ಅದನ್ನು ಗಮನಿಸಿದೆ, ಗಮನಿಸಿ ಮುಂದಿನ ಪಾಠಕ್ಕೆ ಹೋದೆ.

ನನ್ನ ಪುಸ್ತಕಗಳಲ್ಲಿ ಬಿಳಿ ಇಲಿಗಳಿರುತ್ತವೆ. ಒಂದಕ್ಕೆ ಕಾಳು ಹಾಕುತ್ತಾರೆ, ಇನ್ನೊಂದಕ್ಕೆ ಹಾಕುವುದಿಲ್ಲ. ಕಾಳು ಸಿಕ್ಕ ಇಲಿ ಸಿಗದ ಇಲಿಗೆ ‘ತಗೋರಿ’ ಎನ್ನುವುದಿಲ್ಲ. ಸಿಗದ ಇಲಿಗೂ ‘ಈಗ ಉಂಡ್ ಬಂದೇನಿ’ ಎಂದು ಸುಳ್ಳು ಹೇಳುವಷ್ಟು ಸಂಸ್ಕಾರವಿಲ್ಲ. ಹೀಗಾಗಿ ಆ ಪ್ರಯೋಗಗಳೆಲ್ಲ ಚೊಕ್ಕವಾಗಿ ಮುಗಿಯುತ್ತವೆ. ಶಿಗ್ಗಾಂವಿಯಲ್ಲಿ ಚೀಟಿ ಎತ್ತಿಸುವಲ್ಲಿಂದಲೇ ತಕರಾರು ಶುರುವಾಯಿತು. ಬೇರೆ ಬೇರೆ ಕೋಣೆಗೆ ಬಿದ್ದ ಗೆಳತಿಯರು ಬಾಗಿಲ ಮರೆಯಲ್ಲಿ ಚೀಟಿ ಅದಲುಬದಲು ಮಾಡಿಕೊಂಡರು. ಅವರನ್ನು ಹಿಡಿದು ಅವರವರ ಕೋಣೆಗೆ ಅಟ್ಟುವಷ್ಟರಲ್ಲಿ ನನಗೆ ಸಾಕುಬೇಕಾಯಿತು.

ಆ ಎರಡು ಕೋಣೆಗಳ ನಡುವೆ ಇರುವುದು ಒಂದೇ ಗೋಡೆ, ಅದೂ ಮೇಲಿನ ತಗಡಿನವರೆಗೆ ಮುಟ್ಟುವುದಿಲ್ಲ. ಈ ಸಂಗತಿ ನನಗೆ ಕೆಲಸಕ್ಕೆ ಸೇರಿದ ದಿನದಿಂದ ಗೊತ್ತು. ಪಕ್ಕದ ಕೋಣೆಯ ಇತಿಹಾಸದ ಪಾಠ ಕೇಳಿ ಕೇಳಿ ನಾನೂ ಅರ್ಧ ಇತಿಹಾಸಕಾರನಾಗಿದ್ದೇನೆ. ವಿನ್ಯಾಸ ಮಾಡುವಾಗ ಮಾತ್ರ ಅದು ನೆನಪಾಗಲಿಲ್ಲ. ರೇಣುಕಾ ತನ್ನ ಕೋಣೆಯಲ್ಲಿ ಖಾರ ಹಂಚಿದಳು. ಹುಡುಗರು ತಿನ್ನತೊಡಗಿದರು. ಕುರುಂ ಕುರುಂ ಸಪ್ಪಳ, ಜೊತೆಗೆ ಇಂಗು ಕರಿಬೇವಿನ ಘಮ, ಎರಡೂ ಗೋಡೆ ಹತ್ತಿ ಆಚೆ ಇಳಿದವು. ಆಚೆ ಕೋಣೆಯ ಉಸ್ತುವಾರಿ ಸಿದ್ಧಾರ್ಥನದು. ಏನೂ ಕೊಡದೆ ಕೂರಿಸಿಕೊಳ್ಳುವುದಷ್ಟೇ ಅವನ ಕೆಲಸ.

ಕೈ ಎಣಿಸಿದಾಗ ಈ ಕೋಣೆಯಲ್ಲಿ ಎಲ್ಲರ ಕೈ ಮೇಲಿತ್ತು. ಆ ಕೋಣೆಗೆ ಹೋದರೆ ಅಲ್ಲಿಯೂ ಎಲ್ಲರ ಕೈ ಮೇಲೆ! ರೇಣುಕಾ ಬಿಳಿಚಿಕೊಂಡಳು. ನಾನು ಹತ್ತಿರ ಹೋಗಿ ನೋಡಿದೆ. ಎತ್ತಿದ ಬೆರಳುಗಳ ತುದಿಯಲ್ಲಿ ಎಣ್ಣೆ ಹೊಳೆಯುತ್ತಿತ್ತು. ಉಳಿದ ಖಾರದ ಚೀಲವನ್ನು ಸಿದ್ಧಾರ್ಥ ಹಿಂಬಾಗಿಲಿನಿಂದ ತಂದು ಅಲ್ಲಿಯೂ ಹಂಚಿಬಿಟ್ಟಿದ್ದ.

ಹುಡುಗರೆಲ್ಲ ಹೋದ ಮೇಲೆ ರೇಣುಕಾ ಅವನ ಮೇಲೆ ಹರಿಹಾಯ್ದಳು. ‘ನನ್ನ ಧಾರವಾಡ ಹೋತಲ್ಲೋ! ಸುಮ್ನ ಕುಂದ್ರು ಅಂತ ಒಂದs ಕೆಲಸ ಹೇಳಿದ್ದೆ ನಿನಗ. ಅದೂ ಆಗ್ಲಿಲ್ಲೇನು?’

‘ಆಗ್ಲಿಲ್ಲಬೇ’ ಎಂದ ಅವನು. ಆಮೇಲೆ ನನ್ನ ಕಡೆ ತಿರುಗಿದ. ‘ಗ್ವಾಡಿ ಆಚೆ ತಿನ್ನೂ ಸಪ್ಪಳ ಕೇಳಾಕತ್ತಿತ್ರಿ ಸರ್. ಎಲ್ಲಾರೂ ನನ್ನ ಮಾರಿನs ನೋಡಾಕತ್ತಿದ್ರು. ಗೌಡ್ರ ಮನ್ಯಾಗ ಮದವಿ ಆದ್ರ ನಮ್ಮಜ್ಜ ಹೊರಗ ಕುಂತು ಒಳಗ ಪಂಕ್ತಿ ಏಳೂದನ್ನ ಕಾಯ್ತಿದ್ನಂತ್ರಿ. ಹಸಿವಿಗಿಂತ ಆ ಸಪ್ಪಳನs ತಡಕೊಳ್ಳಾಕ ಆಗ್ತಿದ್ದಿಲ್ಲ ಅಂತಿದ್ದ. ನಾ ಹೆಂಗ ಸುಮ್ನ ಕುಂದರ್ಲಿ?’

ರೇಣುಕಾ ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು.

ಅಂದು ಸಂಜೆ ಬಸ್ಸಿನಲ್ಲಿ ನನಗೆ ಪೊಟ್ಟಣ ಬಿಚ್ಚುವ ಮನಸ್ಸಾಗಲಿಲ್ಲ. ಅಂಥ ಮದುವೆಗಳಲ್ಲಿ ಒಳಗಿನ ಪಂಕ್ತಿಯಲ್ಲಿ ಕೂತು ಉಂಡವರ ಮನೆಯವನು ನಾನು. ಎರಡನೆಯ ಸಲ ಹೋಳಿಗೆ ಬಡಿಸಿಕೊಂಡಿದ್ದೂ ನೆನಪಿದೆ. ಹೊರಗೆ ಯಾರು ಕೂತಿದ್ದರೋ ನೆನಪಿಲ್ಲ, ಏಕೆಂದರೆ ಕಾಣುತ್ತಿರಲಿಲ್ಲ. ಎದುರಿಗಿದ್ದವರನ್ನು ಬಿಟ್ಟು ತಿನ್ನಲಾರೆವು ಎಂಬ ನಮ್ಮ ದೊಡ್ಡ ಗುಣಕ್ಕೆ ಒಂದು ಸಣ್ಣ ತಿದ್ದುಪಡಿ ಬೇಕಾಗಿತ್ತು: ಯಾರು ಎದುರಿಗೆ ಇರಬಾರದು ಎಂಬುದನ್ನು ನಾವು ಮೊದಲೇ ನೋಡಿಕೊಂಡಿರುತ್ತೇವೆ. ಅದಕ್ಕೇ ಗೋಡೆ ಕಟ್ಟುವುದು. ನಮ್ಮ ಕಾಲೇಜಿನ ಗೋಡೆ ತಗಡಿಗೆ ಮುಟ್ಟದಿರುವುದು ಗುತ್ತಿಗೆದಾರ ಮಾಡಿದ ಏಕೈಕ ಪುಣ್ಯದ ಕೆಲಸವಿರಬೇಕು ಎಂದು ಅನಿಸಿತು.

ರವಿವಾರ ಎರಡೂ ಗುಂಪಿನವರು ಬಂದು ಗ್ರಂಥಾಲಯವನ್ನು ಲಕಲಕ ಮಾಡಿದರು. ಈಗ ಯಾವ ಪುಸ್ತಕ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ. ಇನ್ನು ಉಳಿದದ್ದು ವರದಿ. ಪ್ರಯೋಗವನ್ನು ಮತ್ತೊಮ್ಮೆ ಮಾಡಲು ದಿನಗಳಿರಲಿಲ್ಲ, ಮೊದಲ ವರ್ಷದವರಿಗೆಲ್ಲ ಗುಟ್ಟೂ ಗೊತ್ತಾಗಿತ್ತು. ರೇಣುಕಾ ನನ್ನ ಮುಂದೆ ಬಂದು ನಿಂತಳು.

‘ಆ ಕ್ವಾಣಿಗೆ ಕೊಟ್ಟೇ ಇಲ್ಲಂತ ಬರದ್ರ ಯಾರಿಗೂ ಗೊತ್ತಾಗಂಗಿಲ್ಲಲ್ರಿ ಸರ್?’

‘ಯಾರಿಗೂ ಗೊತ್ತಾಗಂಗಿಲ್ಲ’ ಎಂದೆ. ನಿಜ ಹೇಳಬೇಕೆಂದರೆ, ಹಾಗೆಯೇ ಬರೆಯಲಿ ಎಂದು ನನ್ನ ಅರ್ಧ ಮನಸ್ಸು ಬೇಡಿಕೊಳ್ಳುತ್ತಿತ್ತು. ಆ ಹುಡುಗಿ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವುದನ್ನು ನೆನೆದರೆ ಸಂಕಟವಾಗುತ್ತಿತ್ತು. ಅವಳು ಬಾಗಿಲವರೆಗೆ ಹೋಗಿ ತಿರುಗಿದಳು. ‘ಸಿದ್ಧಾರ್ಥ ಕೊಟ್ಟಾನಲ್ರಿ. ಕೊಟ್ಟಿದ್ದನ್ನ ಕೊಟ್ಟಿಲ್ಲಂತ ಹೆಂಗ ಬರೀಲಿ?’ ಎಂದು ಹೊರಟುಹೋದಳು. ವರದಿಯಲ್ಲಿ ಹೀಗೆ ಬರೆದಿದ್ದಳು: ‘ಕಂಟ್ರೋಲ್ ಗುಂಪಿಗೂ ಖಾರ ಕೊಡಲಾಯಿತು. ಕಾರಣ, ಅವರಿಗೆ ಸಪ್ಪಳ ಕೇಳುತ್ತಿತ್ತು.’

ಪರೀಕ್ಷಕರು ಬಂದರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಓದುವವರು. ಗಂಟೆಯ ಸಂಶೋಧನೆಯ ಹುಡುಗನನ್ನು ಆಗಲೇ ಅರೆದು ಹಾಕಿದ್ದರು. ರೇಣುಕಾ ಮತ್ತು ಸಿದ್ಧಾರ್ಥ ಬೋರ್ಡಿನ ಬಳಿ ಕೈ ಕಟ್ಟಿಕೊಂಡು ನಿಂತಿದ್ದರು. ಅಷ್ಟರಲ್ಲಿ ನಮ್ಮ ಕಾಲೇಜಿನ ಸಿಪಾಯಿ ಚಹಾ ತಂದ. ಜೊತೆಗೆ ಒಂದು ಪ್ಲೇಟಿನಲ್ಲಿ ಸವಣೂರು ಖಾರ. ದೊಡ್ಡವರು ಬಂದಾಗ ತರಿಸುವುದು ನಮ್ಮ ವಾಡಿಕೆ. ಅದನ್ನು ಸಾಹೇಬರ ಮುಂದಿಟ್ಟು ಅವನು ಬಾಗಿಲಲ್ಲಿ ನಿಂತ. ಸಾಹೇಬರು ಓದುತ್ತಲೇ ಒಂದು ಹಿಡಿ ಬಾಯಿಗೆ ಹಾಕಿಕೊಂಡರು. ಕೋಣೆ ಎಷ್ಟು ಮೌನವಾಗಿತ್ತು ಎಂದರೆ ಅವರ ಹಲ್ಲಿನ ಸಪ್ಪಳ ಎಲ್ಲರಿಗೂ ಕೇಳಿಸಿತು. ಸರಿಯಾಗಿ ಅದೇ ಹೊತ್ತಿಗೆ ಅವರು ಆ ಸಾಲಿಗೆ ಬಂದಿರಬೇಕು. ಅಗಿಯುವುದು ನಿಂತಿತು.

ನಿಧಾನವಾಗಿ ತಲೆ ಎತ್ತಿ ರೇಣುಕಾಳನ್ನು ನೋಡಿದರು. ‘ಈಗೂ ಕೇಳತೈತೇನವಾ?’

ರೇಣುಕಾ ಕಟ್ಟಿದ ಕೈ ಬಿಟ್ಟಳು. ‘ಕೇಳತೈತ್ರಿ ಸರ್.’

ಸಾಹೇಬರು ಬಾಯಲ್ಲಿದ್ದದ್ದನ್ನು ಬಹಳ ಕಷ್ಟದಿಂದ, ಸಪ್ಪಳವಾಗದಂತೆ ನುಂಗಿ ನೀರು ಕುಡಿದರು. ಪ್ಲೇಟನ್ನು ಅವಳ ಕಡೆ ಸರಿಸಿದರು. ‘ತಗೋರಿ ಇಬ್ರೂ. ಪ್ರಯೋಗ ಪೂರಾ ಕೆಟ್ಟೈತಿ. ಆದ್ರ ಯಾಕ ಕೆಟ್ಟಿತು ಅಂಬೂದನ್ನ ಖರೆ ಬರದೀರಿ. ಇಂಥಾದ್ದು ನನ್ನ ಕಣ್ಣಿಗೆ ಬೀಳೂದು ಭಾಳ ಕಡಿಮಿ’ ಎಂದು ಅಂಕ ಬರೆದರು. ಆ ಫಸ್ಟ್ ಕ್ಲಾಸಿನ ಬಲದ ಮೇಲೆ ರೇಣುಕಾ ಈಗ ಧಾರವಾಡದಲ್ಲಿದ್ದಾಳೆ. ಅವಳಪ್ಪ ಸಿಕ್ಕಾಗೊಮ್ಮೆ ತಮ್ಮ ಮನಸ್ಸಿನಲ್ಲಿ ಏನಿದೆ ಹೇಳಿ ಎಂದು ನನ್ನನ್ನು ಕೇಳುತ್ತಾರೆ.

ಪ್ಲೇಟಿನ ಕಥೆ ಮಾತ್ರ ಇನ್ನೂ ಮುಗಿದಿರಲಿಲ್ಲ. ರೇಣುಕಾ ಒಂದಿಷ್ಟು ತೆಗೆದುಕೊಂಡು ಪ್ಲೇಟನ್ನು ಸಿದ್ಧಾರ್ಥನಿಗೆ ಕೊಟ್ಟಳು. ಅವನು ತೆಗೆದುಕೊಂಡು ಬಾಗಿಲ ಕಡೆ ನೋಡಿದ, ಹೋಗಿ ಸಿಪಾಯಿಯ ಮುಂದೆ ಹಿಡಿದ. ಸಿಪಾಯಿ ‘ಬ್ಯಾಡ ತಮ್ಮಾ, ಈಗ ಉಂಡೇನಿ’ ಎಂದು ಶಾಸ್ತ್ರ ಮುಗಿಸಿ, ಹೊರಗೆ ಸರದಿ ಕಾಯುತ್ತಿದ್ದ ಹುಡುಗರಿಗೂ ದಾಟಿಸಿದ. ಸುತ್ತು ಹೊಡೆದು ನನ್ನ ಮೇಜಿಗೆ ಬರುವಷ್ಟರಲ್ಲಿ ಪ್ಲೇಟಿನಲ್ಲಿ ಕರಿಬೇವೂ ಉಳಿದಿರಲಿಲ್ಲ. ನನ್ನ ಬಾಯಲ್ಲಿ ನೀರೂರುತ್ತಿತ್ತು. ಸುತ್ತಲೂ ಎಲ್ಲರೂ ಅಗಿಯುತ್ತಿದ್ದರು. ಆ ಸಪ್ಪಳ ಇಷ್ಟು ಜೋರಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಸಿದ್ಧಾರ್ಥ ಖಾಲಿ ಪ್ಲೇಟು ನೋಡಿ ಪೇಚಾಡಿದ. ‘ನಿಮಗ ಉಳೀಲೇ ಇಲ್ಲಲ್ರಿ ಸರ್!’

‘ಇರ್ಲಿ ಬಿಡಪ್ಪ’ ಎಂದೆ. ‘ಇವತ್ತ ಕಂಟ್ರೋಲ್ ಗುಂಪಿನ್ಯಾಗ ನಾ ಕುಂದರ್ತೇನಿ.’

ಅವನು ನಕ್ಕ. ಈ ಸಲ ಪೂರ್ತಿ ನಕ್ಕ.